ಕಾಕಟೀಲ್ ಮೊಟ್ಟೆಯನ್ನು ಕೂಡಲೇ ತೆಗೆಯಬೇಡಿ: ಒಂದು ಸ್ಪಷ್ಟನೆ

ಕಾಕಟೀಲ್ ಎಂದರೆ ಮನೆಯಲ್ಲಿ ಸಾಕುವ, ಜುಟ್ಟಿರುವ ಸಣ್ಣ ಗಿಳಿ. "ಒಂಟಿ ಹೆಣ್ಣು ಕಾಕಟೀಲ್ ಮೊಟ್ಟೆಯಿಟ್ಟರೆ ಕೂಡಲೇ ತೆಗೆದು ಬಿಸಾಡಿ, ತಾನಾಗಿ ನಿಲ್ಲುತ್ತದೆ" ಎಂಬ ಸಂದೇಶ ಶಿವಮೊಗ್ಗದ ಹಕ್ಕಿ ಸಾಕುವವರ ನಡುವೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು; ಹಕ್ಕಿಯ ಜೀವಕ್ಕೇ ಕುತ್ತು ತರಬಲ್ಲದು.

ಗಂಡಿಲ್ಲದೆಯೂ ಹೆಣ್ಣು ಮೊಟ್ಟೆಯಿಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರಂತೆ 4ರಿಂದ 6 ಇಡುತ್ತದೆ. ತೆಗೆಯುತ್ತಾ ಹೋದರೆ ಕೊರತೆ ತುಂಬಲು ಇಡುತ್ತಲೇ ಹೋಗುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಚಿಪ್ಪಿಗೆ ಬೇಕಾದದ್ದು ಮೂಳೆಯಿಂದಲೇ ಹೋಗುತ್ತದೆ. ಆದ್ದರಿಂದ ಮೊಟ್ಟೆಗಳನ್ನು ಅಲ್ಲೇ ಬಿಡಿ, ಇಲ್ಲವೇ ಪ್ಲಾಸ್ಟಿಕ್ ಮೊಟ್ಟೆ ಇಡಿ. ಸುಮಾರು 3 ವಾರ ಕಾವು ಕೊಟ್ಟು ಬೇಸತ್ತು ಅದೇ ಎದ್ದುಹೋಗುತ್ತದೆ. ಗಂಡು-ಹೆಣ್ಣು ಜೋಡಿಯಿದ್ದರೆ ನಿಜ ಮೊಟ್ಟೆ ಮರಿಯಾಗಬಹುದು, ಹಾಗಾಗಿ ಪ್ಲಾಸ್ಟಿಕ್ ಮೊಟ್ಟೆಯೇ ಸರಿ.

ಮತ್ತೆ ಇಡದಂತೆ ಗೂಡಿನ ಪೆಟ್ಟಿಗೆ, ಕನ್ನಡಿ ತೆಗೆಯಿರಿ, ಬೆನ್ನು ಸವರಬೇಡಿ. ರಾತ್ರಿ ಕನಿಷ್ಠ 12 ಗಂಟೆಗಳ ಕಾಲ ಕತ್ತಲೆಯಿರಲಿ. ಟಿವಿ ಉರಿಯುವ ನಡುಮನೆಯಲ್ಲಿ ಪಂಜರದ ಮೇಲೆ ಬಟ್ಟೆ ಹೊದಿಸಿದರೆ ಸಾಲದು.

ಆಸ್ಟ್ರೇಲಿಯಾದ ಒಣನಾಡಿನ ಈ ಹಕ್ಕಿಗೆ ಅಲ್ಲಿ ಮಳೆಯೆಂದರೆ ಮರಿ ಮಾಡುವ ಕಾಲ. ಹಾಗಾಗಿ ನಮ್ಮ ಮಲೆನಾಡಿನ ಮಳೆಗಾಲದಲ್ಲೂ ಅದು ಮೊಟ್ಟೆಗೆ ಮುಂದಾಗಬಹುದು; ಆಗ ಬಿಸಿಲೂ ಸಿಗದು. ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಅದಕ್ಕಾಗದು. ಪಂಜರದಲ್ಲಿ ಕಟಲ್‌ಬೋನ್ (ಕ್ಯಾಲ್ಸಿಯಂಗಾಗಿ ಹಕ್ಕಿ ಕೊಕ್ಕಿನಿಂದ ಕೆರೆದು ತಿನ್ನುವ, ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಸದಾ ಇರಲಿ.

ಗರಿ ಕೆದರಿಕೊಂಡು, ಬಾಲ ಮೇಲೆ ಕೆಳಗೆ ಆಡಿಸುತ್ತಾ, ತಿಣುಕುತ್ತಾ ಪಂಜರದ ತಳದಲ್ಲಿ ಕೂತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಎಣ್ಣೆ ಹಚ್ಚಿ ಒತ್ತಬೇಡಿ. ಬೆಚ್ಚಗಿಟ್ಟು ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ.