ತಿಂಗಳಿಡೀ ಕಸ ಮನೆಯಲ್ಲೇ ಇದ್ರೆ

ನನ್ನ ಊರು ಮಂಗಳೂರು, ಬಿಜೈ ಹತ್ರ ಮನೆ, ಈಗ ಕೆಲಸ ತಿರುವನಂತಪುರದಲ್ಲಿ. ಎರಡೂ ಕರಾವಳಿ, ಅದೇ ಮಳೆ, ಅದೇ ತೆಂಗು, ಅದೇ ಬೂತಾಯಿ ಬಂಗುಡೆ, ಆದ್ರೆ ಕಸದ ವಿಷಯಕ್ಕೆ ಬಂದ್ರೆ ಎರಡು ಊರಿನ ಕ್ರಮ ಪೂರ್ತಿ ಬೇರೆ. ಮನೆಯ ಕಸ ನಿಜವಾಗಿ ಕಡಿಮೆ ಆಗೋದು ಹೇಗೆ ಅಂತ ನಂಗೆ ಅರ್ಥ ಆದದ್ದು ಇಲ್ಲಿಗೆ ಬಂದ ಮೇಲೆಯೇ.

ಊರಲ್ಲಿ ಬೆಳಿಗ್ಗೆ ಗಾಡಿ ಬರ್ತದೆ, ಬಕೆಟ್ ಗೇಟಿನ ಹತ್ರ ಇಟ್ರೆ ಆಯ್ತು, ಮತ್ತೆ ಅದರ ನೆನಪೇ ಇರೋದಿಲ್ಲ. ಇಲ್ಲಿ ನಾನಿರೋ ಕಡೆ ಹಸಿಕಸಕ್ಕೆ ಗಾಡಿ ಇಲ್ಲ, ಅದನ್ನು ಮನೆಯಲ್ಲೇ ಗೊಬ್ಬರ ಮಾಡ್ಬೇಕು. ಒಣಕಸಕ್ಕೆ ಹರಿತ ಕರ್ಮ ಸೇನೆ ಅನ್ನೋ ಕಸ ಸಂಗ್ರಹಿಸುವ ಗುಂಪಿನ ಹೆಂಗಸರು ತಿಂಗಳಿಗೊಮ್ಮೆ ಬರ್ತಾರೆ, ಪ್ಲಾಸ್ಟಿಕ್ ತೊಳೆದು ಒಣಗಿಸಿ ಇಟ್ಟಿರ್ಬೇಕು, ಅದಕ್ಕೆ ಯೂಸರ್ ಫೀ ಕೂಡ ನಾವೇ ಕೊಡ್ಬೇಕು. ಸಾಂಬಾರು ಮೆತ್ತಿದ ಕವರ್ ಕೊಟ್ರೆ ತಗೊಳ್ಳೋದಿಲ್ಲ, ಅದು ಸರಿ ಕೂಡ, ಯಾಕಂದ್ರೆ ಅದನ್ನು ಕೈಯಲ್ಲಿ ವಿಂಗಡಿಸ್ಲಿಕ್ಕೆ ಇರೋದು ಅವರೇ.

ಈ ಕ್ರಮ ಇಲ್ಲಿಯವರು ತುಂಬಾ ಒಳ್ಳೆಯವರು ಅಂತ ಬಂದದ್ದಲ್ಲ. ಈ ನಗರದ ಕಸವೆಲ್ಲ ವಿಳಪ್ಪಿಲ್‌ಶಾಲೆ ಅನ್ನೋ ಹಳ್ಳಿಗೆ ಹೋಗ್ತಿತ್ತು, ಅಲ್ಲಿನ ಜನ ವರ್ಷಗಟ್ಟಲೆ ನಾತ ಸಹಿಸಿ, ಕಡೆಗೆ ಹೋರಾಟ ಮಾಡಿ 2011ರ ಡಿಸೆಂಬರಲ್ಲಿ ಆ ಪ್ಲಾಂಟ್ ಮುಚ್ಚಿಸಿದ್ರು. ಕಸ ಹಾಕ್ಲಿಕ್ಕೆ ಜಾಗವೇ ಇಲ್ಲದಾಗ ಮನೆಯಲ್ಲೇ ಗೊಬ್ಬರ, ಬೀದಿ ಬದಿಯಲ್ಲಿ ತುಂಬೂರ್‌ಮುಳಿ ಅನ್ನೋ ಹೆಸರಿನ ಗೊಬ್ಬರದ ತೊಟ್ಟಿ, ಇದೆಲ್ಲ ಶುರುವಾಯ್ತು. ನಮಗೆ ಇಂಥದ್ದೇ ಪಾಠ ಮಂಗಳೂರಿನ ಕಸ ಹಾಕುವ ಪಚ್ಚನಾಡಿಯಲ್ಲಿ ಸಿಕ್ಕಿತ್ತು. 2019ರ ಆಗಸ್ಟಿನ ಮಳೆಗೆ ಅಲ್ಲಿಯ ಕಸದ ಗುಡ್ಡ ಜಾರಿ ಮಂದಾರ ಅನ್ನೋ ಜಾಗದ ಮನೆ, ಅಡಿಕೆ ತೋಟ, ತೆಂಗಿನ ತೋಟದ ಮೇಲೆ ಬಂತು, ಅಲ್ಲಿಯವರು ಮನೆ ಬಿಟ್ಟು ಹೋಗ್ಬೇಕಾಯ್ತು. ಆ ಗುಡ್ಡದಲ್ಲಿ ಇದ್ದದ್ದು ನಮ್ಮ ನಮ್ಮ ಅಡುಗೆಮನೆಯ ಕಸವೇ ಅಲ್ವಾ. ಅದನ್ನು ನಾವು ಇಷ್ಟು ಬೇಗ ಮರೆತದ್ದು ನಂಗೆ ಈಗಲೂ ಬೇಜಾರು.

ನಾನು ಮುಖ್ಯವಾಗಿ ಹೇಳ್ಬೇಕಂತ ಇರೋದು ಇದು. ಕಸ ಕಡಿಮೆ ಮಾಡ್ತೇನೆ ಅಂತ ಶಪಥ ಮಾಡಿದ್ರೆ ಕಸ ಕಡಿಮೆ ಆಗೋದಿಲ್ಲ, ಒಂದು ತಿಂಗಳು ಅದು ನಮ್ಮ ಕಣ್ಣೆದುರೇ ಬಿದ್ದಿದ್ರೆ ತನ್ನಷ್ಟಕ್ಕೆ ಆಗ್ತದೆ. ಹಾಲಿನ ಪ್ಯಾಕೆಟ್ ತೊಳೆದು ದಾರದಲ್ಲಿ ನೇತು ಹಾಕೋದು ಸುಲಭ, ಆದ್ರೆ ಎಣ್ಣೆ ಪ್ಯಾಕೆಟ್ ತೊಳೆದು ನೋಡಿ, ಎಷ್ಟು ಸೋಪು ಹಾಕಿದ್ರೂ ಜಿಡ್ಡು ಹೋಗೋದಿಲ್ಲ, ಒಂದೆರಡು ತಿಂಗಳು ಹೀಗೆ ತೊಳೆದ ಮೇಲೆ ಮನೆಯವಳೇ ಹೇಳಿದ್ಳು, ಇನ್ನು ದೊಡ್ಡ ಡಬ್ಬಿಯದ್ದೇ ತರುವ ಅಂತ. ಮಸಾಲೆಯ ಸಣ್ಣ ಸಣ್ಣ ಪ್ಯಾಕೆಟ್ ನಿಂತದ್ದು ಹಾಗೆಯೇ. ಯಾರೂ ಭಾಷಣ ಮಾಡ್ಲಿಲ್ಲ, ಪೋಸ್ಟರ್ ನೋಡಿ ಬದಲಾದದ್ದೂ ಅಲ್ಲ. ಹಾಂ, ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆ ಪೂರ್ತಿ ತುಂಡು ಮಾಡ್ಬೇಡಿ, ಅಂಟಿಕೊಂಡೇ ಇರ್ಲಿ, ಆ ಸಣ್ಣ ತುಂಡು ಯಾರ ಕೈಗೂ ಸಿಗದೆ ಚರಂಡಿಗೆ ಹೋಗ್ತದೆ.

ಇದನ್ನೇ ಊರಲ್ಲಿ ಅಮ್ಮನಿಗೆ ಹೇಳಿದಾಗ ಅವರು ಕೇಳಿದ್ದು, "ಗಾಡಿ ಬರ್ತದಲ್ಲ ಮಗಾ, ಮತ್ತೆ ಕೂಡಿಡುದು ಎಂತಕ್ಕೆ?" ಪ್ರಶ್ನೆ ಸರಿಯೇ. ನನ್ನ ಉತ್ತರ ಇಷ್ಟೇ, ಗಾಡಿ ಬರ್ಲಿ, ಹಸಿಕಸ ಕೊಡಿ, ಒಣಕಸಕ್ಕೆ ಮಾತ್ರ ಒಂದು ಗೋಣಿಚೀಲ ಇಟ್ಟು ತಿಂಗಳಾದ ಮೇಲೆ ಕೊಡಿ. ಆ ಚೀಲ ತುಂಬುವ ವೇಗ ನೋಡಿದ್ರೆ ಮನೆಗೆ ಎಂತ ಬರ್ತಾ ಉಂಟು ಅಂತ ಗೊತ್ತಾಗ್ತದೆ.

ಈಗ ಜಾಲತಾಣದಲ್ಲಿ ವರ್ಷದ ಕಸ ಒಂದು ಗಾಜಿನ ಭರಣಿಯಲ್ಲಿ ತೋರಿಸ್ತಾರೆ, ಬಿದಿರಿನ ಬ್ರಶ್ಶು, ಒಂದೇ ಅಳತೆಯ ಡಬ್ಬಿಗಳ ಸಾಲು. ಅವರ ಶ್ರಮಕ್ಕೆ ನಂಗೆ ಗೌರವ ಉಂಟು, ಆದ್ರೆ ಅದನ್ನು ನೋಡಿ ತುಂಬಾ ಜನ ಇದು ನಮ್ಮಿಂದ ಆಗುವ ಕೆಲಸ ಅಲ್ಲ ಅಂತ ಬಿಟ್ಟೇ ಬಿಡ್ತಾರೆ. ಜಪಾನಿನ ಕಮಿಕಾತ್ಸು ಅನ್ನೋ ಸಣ್ಣ ಊರು 2003ರಲ್ಲಿ, 2020ರ ಒಳಗೆ ಕಸ ಸೊನ್ನೆ ಮಾಡ್ತೇವೆ ಅಂತ ಘೋಷಣೆ ಮಾಡಿ, ಜನ ಕಸವನ್ನು 45 ಬಗೆಯಾಗಿ ವಿಂಗಡಿಸಿದ್ರೂ ಮರುಬಳಕೆ ಮುಟ್ಟಿದ್ದು ಶೇಕಡಾ 80ರ ಆಸುಪಾಸು. ಇಡೀ ಊರೇ ನಿಂತು ಮಾಡಿದ್ರೂ ಉಳಿದದ್ದು ಉಳಿಯಿತು, ಹಾಗಿರುವಾಗ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಇದ್ದು ದಿನಾ ಡಯಾಪರ್ ಹೋಗ್ತಿದ್ರೆ, ಮಾತ್ರೆಯ ಸ್ಟ್ರಿಪ್ ರಾಶಿ ಬೀಳ್ತಿದ್ರೆ ಆ ಮನೆಯವರು ಎಂತಕ್ಕೆ ಮನಸ್ಸಿಗೆ ಹಚ್ಚಿಕೊಳ್ಬೇಕು ಹೇಳಿ. ಅದನ್ನು ಪೇಪರಲ್ಲಿ ಸುತ್ತಿ ಬೇರೆ ಕೊಟ್ರೆ ಸಾಕು.

ಆದ್ರೆ ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡೋದಿಲ್ಲ. ನಮ್ಮ ಕಡೆ ಬಚ್ಚಲ ಒಲೆಗೆ ಬೆಂಕಿ ಹಿಡಿಸ್ಲಿಕ್ಕೆ ಪ್ಲಾಸ್ಟಿಕ್ ಕವರ್ ಹಾಕ್ತಾರಲ್ಲ, ಅದು ನಿಲ್ಬೇಕು. ಮಳೆಗಾಲದಲ್ಲಿ ಮಡಲು ಒದ್ದೆ, ಗೆರಟೆ ಒದ್ದೆ, ಕಷ್ಟ ನಂಗೂ ಗೊತ್ತುಂಟು, ಆದ್ರೆ ಆ ಹೊಗೆ ಕುಡಿಯೋದು ಒಲೆಯ ಎದುರು ಕೂತವರು, ಅದರ ಬೂದಿ ಹೋಗೋದು ನಮ್ಮದೇ ಬಸಳೆ ಬುಡಕ್ಕೆ. ಎರಡು ಗೋಣಿ ಒಣ ಗೆರಟೆ ಮೇ ತಿಂಗಳಲ್ಲೇ ಅಟ್ಟಕ್ಕೆ ಏರಿಸಿದ್ರೆ ಪ್ಲಾಸ್ಟಿಕ್ ಬೇಕಾಗೋದಿಲ್ಲ.

ಗೊಬ್ಬರದ ವಿಷಯದಲ್ಲೂ ಹಾಗೆ, ಕರಾವಳಿಯಲ್ಲಿ ಜೂನಿಂದ ಸೆಪ್ಟೆಂಬರ್ ತನಕ ನೀರು ಜಾಸ್ತಿಯಾಗಿ ನಾತ ಬರ್ತದೆ, ಹುಳ ಆಗ್ತದೆ. ಇಲ್ಲಿಯವರು ಪ್ರತಿ ಸಲ ಮೇಲಿಂದ ತೆಂಗಿನ ನಾರಿನ ಪುಡಿಯಲ್ಲಿ ಮಾಡಿದ ಇನಾಕ್ಯುಲಮ್ ಉದುರಿಸ್ತಾರೆ, ಅದು ನೀರು ಹೀರಿಕೊಳ್ತದೆ, ಕೊಳೆಸುವ ಸೂಕ್ಷ್ಮಾಣು ಕೂಡ ಅದರಲ್ಲೇ ಇರ್ತದೆ. ಊರಲ್ಲಿ ಒಣಗಿದ ಎಲೆ, ಮರದ ಹುಡಿ ಹಾಕಿದ್ರೂ ನಡೀತದೆ. ಮೀನಿನ ತಲೆ, ಕರುಳು ಮಾತ್ರ ಡಬ್ಬಿಗೆ ಬೇಡ, ಜಾಗ ಇದ್ದವರು ತೆಂಗಿನ ಬುಡದಲ್ಲಿ ಆಳಕ್ಕೆ ಹೂತ್ರೆ ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ. ಕದ್ರಿಯ ಫ್ಲ್ಯಾಟಲ್ಲಿ ಇರುವವರು ಅದನ್ನು ಗಾಡಿಗೆ ಕೊಡಲಿ, ಏನೂ ತಪ್ಪಿಲ್ಲ.

ಕೇರಳವೇ ಮೇಲು ಅಂತ ನಾನು ಹೇಳ್ತಿಲ್ಲ. 2024ರ ಜುಲೈಯಲ್ಲಿ ಇದೇ ನಗರದ ಆಮಯಿಳಂಜಾನ್ ತೋಡಿನಲ್ಲಿ ಕಟ್ಟಿಕೊಂಡ ಕಸ ತೆಗೀಲಿಕ್ಕೆ ಇಳಿದ ಕೆಲಸದವರೊಬ್ರು ಕೊಚ್ಚಿಕೊಂಡು ಹೋಗಿ ತೀರಿಕೊಂಡ್ರು, ಮನೆಯಲ್ಲಿ ಗೊಬ್ಬರ ಮಾಡುವ ಊರಲ್ಲೇ ತೋಡಿಗೆ ಬಿಸಾಡುವವರೂ ಇದ್ದಾರೆ. ನಮ್ಮ ಕಡೆ ಒಳ್ಳೆಯ ಕೆಲಸ ಇಲ್ಲ ಅಂತಲೂ ಅಲ್ಲ, ಕಾರ್ಕಳದ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯತುಗಳ ಒಣಕಸ ವಿಂಗಡಿಸುವ ಘಟಕ ಉಂಟು, ಕಸದ ಗಾಡಿ ಓಡಿಸುವ ಹೆಂಗಸರೂ ಇದ್ದಾರೆ. ಅವರಿಗೆ ಹೋಗುವ ಕವರ್ ತೊಳೆದು ಒಣಗಿದ್ದಾದ್ರೆ ಮಾರ್ಲಿಕ್ಕೆ ಆಗ್ತದೆ, ಮೀನಿನ ನೀರು ಮೆತ್ತಿದ್ದಾದ್ರೆ ಯಾವ ಘಟಕಕ್ಕೆ ಹೋದ್ರೂ ಪ್ರಯೋಜನ ಇಲ್ಲ.

ಅಮ್ಮ ಈಗ ಗೋಣಿಚೀಲ ಇಟ್ಟಿದ್ದಾರೆ. ಎಣ್ಣೆ ಪ್ಯಾಕೆಟ್ ಮಾತ್ರ ಬಿಡ್ಲಿಲ್ಲ, ದೊಡ್ಡ ಡಬ್ಬಿ ಎತ್ತಿ ಬಗ್ಗಿಸ್ಲಿಕ್ಕೆ ಅವರ ಕೈಯಲ್ಲಿ ಆಗೋದಿಲ್ಲ, ಅದನ್ನು ನಾನು ಕೇಳ್ಲಿಕ್ಕೂ ಹೋಗೋದಿಲ್ಲ. ಬಚ್ಚಲ ಒಲೆಗೆ ಕವರ್ ಹಾಕೋದು ನಿಲ್ಲಿಸಿದ್ದಾರೆ.