ಜೇಬಿನ ಗಾತ್ರದ ರಾಷ್ಟ್ರೀಯ ಸಮಸ್ಯೆ

ಕಂಪ್ಯೂಟರ್ ಆಮದಿನ ಅನುಮತಿ ವ್ಯವಸ್ಥೆಯ ಅವಧಿಯನ್ನು ಮತ್ತೆ ವಿಸ್ತರಿಸಲಾಗಿದೆ ಎಂಬ ಸುದ್ದಿಯನ್ನು ಓದಿದಾಗಲೆಲ್ಲ ನಮ್ಮ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಮೇಲೆ ನನಗಿರುವ ಗೌರವ ಇಮ್ಮಡಿಯಾಗುತ್ತದೆ. 2023ರ ಆಗಸ್ಟ್ 3ರಂದು ಹೊರಬಿದ್ದ ಮೂಲ ಅಧಿಸೂಚನೆಯನ್ನು ಯಾರೂ ಮರೆತಿರಲಿಕ್ಕಿಲ್ಲ. ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಆಲ್ ಇನ್ ಒನ್, ಅತಿ ಪುಟ್ಟ ಗಾತ್ರದ ಕಂಪ್ಯೂಟರ್ ಮತ್ತು ಸರ್ವರ್‌ಗಳನ್ನು ಇನ್ನು ಮುಂದೆ ಪರವಾನಗಿಯಿಲ್ಲದೆ ದೇಶದೊಳಕ್ಕೆ ತರುವಂತಿಲ್ಲ ಎಂದು ಅದು ಘೋಷಿಸಿತು. ಮರುದಿನವೇ ಇನ್ನೊಂದು ಅಧಿಸೂಚನೆ ಹೊರಟು, ಮೊದಲಿನದು ಅಕ್ಟೋಬರ್ 31ರವರೆಗೆ ಮುಂದೂಡಲ್ಪಟ್ಟಿತು. ಅಕ್ಟೋಬರ್ ಬಂದಾಗ ಪರವಾನಗಿ ಹೋಗಿ 'ಆಮದು ನಿರ್ವಹಣಾ ವ್ಯವಸ್ಥೆ' ಎಂಬುದು ಬಂದಿತು. ಕೋಣೆ ತುಂಬುವ ಸರ್ವರನ್ನೂ ಅಂಗೈಯಗಲದ ಯಂತ್ರವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಈ ಸಮದರ್ಶಿತ್ವ ಸಾಮಾನ್ಯ ಮನುಷ್ಯರಿಗೆ ಸಾಧ್ಯವಾಗುವಂಥದ್ದಲ್ಲ.

ಒಂದೇ ಒಂದು ಯಂತ್ರವನ್ನು ಅಂಚೆಯಲ್ಲೋ ಕೊರಿಯರ್‌ನಲ್ಲೋ ತರಿಸಿಕೊಂಡು ಸುಂಕ ಕಟ್ಟುವ ಬಡಪಾಯಿಗೆ ಆ ಅಧಿಸೂಚನೆಯಲ್ಲಿ ವಿನಾಯಿತಿ ಇತ್ತಲ್ಲ ಎಂದು ತಿಳಿದವರು ಹೇಳಬಹುದು. ಇತ್ತು. ಆದರೆ ನನ್ನಂಥವರಿಗೆ ಬೇಕಾದದ್ದು ಹೊಸ ಯಂತ್ರವಲ್ಲ, ಯಾರೋ ಬಳಸಿ ಬಿಟ್ಟ, ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಓಡುವ ಹಳೆಯ ಅಂಗೈ ಕಂಪ್ಯೂಟರ್. ಬಳಸಿದ ಕಂಪ್ಯೂಟರ್‌ಗಳ ಆಮದು ಬಹಳ ಹಿಂದಿನಿಂದಲೂ ನಿರ್ಬಂಧಿತ ಪಟ್ಟಿಯಲ್ಲಿದ್ದು, ಅದಕ್ಕೆ ಪ್ರತ್ಯೇಕ ಅಧಿಕಾರಪತ್ರ ಬೇಕು. ವಿದೇಶಗಳ ಕಸ ಇಲ್ಲಿ ಬಂದು ಬೀಳಬಾರದು ಎಂಬ ಆ ನಿಯಮದ ಉದ್ದೇಶ ಒಳ್ಳೆಯದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಹಡಗಿನಲ್ಲಿ ಟನ್ನುಗಟ್ಟಲೆ ಬರುವ ಕಸವನ್ನೂ, ಟೋಕಿಯೊದ ಯಾವುದೋ ಮೇಜಿನ ಖಾನೆಯಲ್ಲಿ ಮಲಗಿರುವ 300 ಗ್ರಾಮಿನ, ಶಾರ್ಪ್ ಕಂಪನಿಯ ಜೌರಸ್ ಎಂಬ ಅಂಗೈ ಕಂಪ್ಯೂಟರ್ ಒಂದನ್ನೂ ಆ ನಿಯಮ ಬೇರೆಬೇರೆಯಾಗಿ ಕಾಣುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಅಲ್ಲಿರುವ ಸ್ನೇಹಿತರೊಬ್ಬರು ಅದನ್ನು ಪ್ರೀತಿಯಿಂದ ಕಳುಹಿಸಿಕೊಡಬಹುದಲ್ಲವೇ ಎಂದರೆ, ಉಡುಗೊರೆಗಳ ಬಗ್ಗೆ 2019ರ ಡಿಸೆಂಬರ್‌ನಲ್ಲಿ ಹೊರಬಂದ ಇನ್ನೊಂದು ಅಧಿಸೂಚನೆಯನ್ನು ನೋಡಬೇಕಾಗುತ್ತದೆ. ನಮ್ಮ ಆಡಳಿತ ಗದ್ಯದ ಸಂಕಲನವೊಂದನ್ನು ಯಾರಾದರೂ ಮುಂದೆ ಹೊರತಂದರೆ ಅದರ ಮೊದಲ ಪುಟ ಇದಕ್ಕೇ ಸಲ್ಲಬೇಕು. ವಿದೇಶದಿಂದ ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆ ಎಂದು ಹೇಳಿಕೊಂಡು ಬರುವ ಸರಕುಗಳನ್ನು ನಿಷೇಧಿಸಿ, ಜೀವರಕ್ಷಕ ಔಷಧಗಳಿಗೆ ಮತ್ತು ರಾಖಿಗೆ ಮಾತ್ರ ಅದು ವಿನಾಯಿತಿ ಕೊಟ್ಟಿತು. ರಾಖಿಯ ಮುಂದೆ ಆವರಣದಲ್ಲಿ, ರಾಖಿಗೆ ಸಂಬಂಧಿಸಿದ ಉಡುಗೊರೆಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಅಂದರೆ ತಂಗಿ ಕಳುಹಿಸಿದ ದಾರ ಒಳಗೆ ಬರಬಹುದು. ದಾರದ ಜೊತೆ ಅವಳಿಟ್ಟ ಚಾಕೊಲೇಟು ಸುಂಕದ ಕಟ್ಟೆಯಲ್ಲಿ ನಿಂತು ಉತ್ತರ ಹೇಳಬೇಕು. ಪೂರ್ತಿ ಸುಂಕ ಕಟ್ಟಿದರೆ ಉಡುಗೊರೆಯೂ ಬರಬಹುದು ಎಂಬ ವಿವರಣೆ ಅದರ ಕೆಳಗಿದೆ ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಸಹೋದರ ಪ್ರೇಮದ ತೆರಿಗೆರಹಿತ ಮಿತಿಯನ್ನು ಇಷ್ಟು ನಿಖರವಾಗಿ ಗುರುತಿಸಿದ ಸರ್ಕಾರ ಜಗತ್ತಿನಲ್ಲಿ ಬೇರೊಂದು ಇರಲಾರದು. ಕೈಗೆ ಕಟ್ಟಿಕೊಳ್ಳಬಹುದಾದ ಲಿನಕ್ಸ್ ಯಂತ್ರವನ್ನು ಯಾರಾದರೂ ರಾಖಿಯ ಆಕಾರದಲ್ಲಿ ತಯಾರಿಸುವವರೆಗೂ ಈ ದಾರಿ ನಮಗೆ ಮುಚ್ಚಿದಂತೆಯೇ.

ಹೋಗಲಿ, ವಿದೇಶದ ಹಂಗೇಕೆ, ನಮ್ಮ ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆ ಇದೆಯಲ್ಲ ಎಂದುಕೊಂಡರೆ ಅಲ್ಲಿಯ ಅನುಭವವೂ ಸ್ವಾರಸ್ಯವಾದದ್ದೇ. ಅಂಗೈಯಲ್ಲಿ ಹಿಡಿಯುವಂತಿರಬೇಕು, ಕೀಲಿಮಣೆ ಇರಬೇಕು, ಲಿನಕ್ಸ್ ಓಡಬೇಕು, ಹಳೆಯದಾದರೂ ಆಗಬಹುದು ಎಂದು ವಿನಯದಿಂದ ಕೇಳಿದರೆ ಅಂಗಡಿಯವರು ಮೊದಲು, "ಆ ಕಂಪನಿ ಮಾಲು ಬರ್ತಿಲ್ಲ ಸಾರ್, ಬೇರೆ ಬ್ರ್ಯಾಂಡ್ ತೋರಿಸ್ಲಾ?" ಎನ್ನುತ್ತಾರೆ. ಅದು ಕಂಪನಿಯಲ್ಲ, ಕಾರ್ಯಾಚರಣೆ ವ್ಯವಸ್ಥೆ ಎಂದು ವಿವರಿಸಿದರೆ, "ಹಂಗಂದ್ರೆ ವಿಂಡೋಸ್ ಹಾಕಿಕೊಡ್ತೀವಿ ಬಿಡಿ, ಅದಕ್ಕೇನು" ಎಂದು ಧೈರ್ಯ ತುಂಬುತ್ತಾರೆ. ಪಕ್ಕದ ಅಂಗಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಧೂಳು ಹಿಡಿದ ಕಾರ್ಡ್ ಉಜ್ಜುವ ಯಂತ್ರವೊಂದನ್ನು ತೆಗೆದು, ಅಂಗಿಯ ತುದಿಯಿಂದ ಅದರ ಪರದೆ ಒರೆಸಿ, "ನೀವು ಹೇಳಿದ್ದೆಲ್ಲಾ ಇದ್ರಲ್ಲಿ ಐತೆ ನೋಡಿ ಸಾರ್, ಮೇಲಿಂದ ಪ್ರಿಂಟರೂ ಐತೆ" ಎಂದು ಕೌಂಟರಿನ ಮೇಲಿಟ್ಟರು. ನಗುವುದಕ್ಕೆ ಅವಕಾಶವೇ ಇರಲಿಲ್ಲ, ಏಕೆಂದರೆ ತಾಂತ್ರಿಕವಾಗಿ ಅವರ ಮಾತು ಬಹುಪಾಲು ಸರಿಯಾಗಿತ್ತು. ಆ ಜಾತಿಯ ಯಂತ್ರಗಳಲ್ಲಿ ಹಲವು ಒಳಗೊಳಗೆ ಲಿನಕ್ಸನ್ನೇ ಓಡಿಸುತ್ತವೆ. ತಿರುಪು ಬಿಚ್ಚಿದ ಕೂಡಲೇ ತಮ್ಮ ಗುಪ್ತ ಕೀಲಿಗಳನ್ನು ತಾವೇ ಅಳಿಸಿಕೊಂಡು ನಿಷ್ಪ್ರಯೋಜಕವಾಗುವಂತೆಯೂ ಅವುಗಳನ್ನು ಕಟ್ಟಿರುತ್ತಾರೆ. ಇಡೀ ಬೀದಿಯಲ್ಲಿ ನನ್ನ ಬೇಡಿಕೆಯನ್ನು ಗಂಭೀರವಾಗಿ ತೆಗೆದುಕೊಂಡವರು ಅವರೊಬ್ಬರೇ ಎಂಬ ಕೃತಜ್ಞತೆ ನನಗಿದೆ.

ಈ ಹುಡುಕಾಟ ಬೇರಾವುದೋ ಊರಿನಲ್ಲಿ ನಡೆದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅಂಗೈ ಲಿನಕ್ಸ್ ಯಂತ್ರವನ್ನು ಜಗತ್ತಿನ ಬಡವರಿಗಾಗಿ ಕಲ್ಪಿಸಿದ ಊರೇ ಬೆಂಗಳೂರು. 1998ರ ವಿಚಾರಸಂಕಿರಣವೊಂದರಲ್ಲಿ ಮೊಳೆತ ಆಲೋಚನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ಬೆಳೆಸಿದರು. 2001ರಲ್ಲಿ ಸಿಂಪ್ಯೂಟರ್ ಎಂಬ ಹೆಸರಿನಲ್ಲಿ ಅದು ಲೋಕದ ಮುಂದೆ ನಿಂತಿತು. ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 320ಕ್ಕೆ 240 ಚುಕ್ಕೆಗಳ ಸ್ಪರ್ಶಪರದೆ, ಒಳಗೆ ಲಿನಕ್ಸ್, ಬದಿಯಲ್ಲಿ ಸ್ಮಾರ್ಟ್ ಕಾರ್ಡ್ ತೂರಿಸುವ ಸೀಳು. ಯಂತ್ರ ಊರಿಗೆ ಒಂದೇ ಇದ್ದರೂ ಸಾಕು, ಅವರವರ ವಿವರ ತುಂಬಿದ ಕಾರ್ಡು ಮಾತ್ರ ತಲೆಗೊಂದು. ಅಕ್ಷರ ಬಾರದವರಿಗೆ ಅದು ಕನ್ನಡದಲ್ಲೇ ಓದಿ ಹೇಳಬೇಕು ಎಂಬುದು ಯೋಜನೆ. ನಮ್ಮ ಕಂದಾಯ ಇಲಾಖೆಯ ಭೂಮಿ ಯೋಜನೆಯಲ್ಲಿ, ಮೈಸೂರಿನ ಸಂಘಮಿತ್ರದ ಕಿರುಸಾಲದ ಲೆಕ್ಕದಲ್ಲಿ, ಗೋವಾದ ಕಬ್ಬಿಣದ ಅದಿರಿನ ಸಾಗಣೆಯಲ್ಲಿ ಅದನ್ನು ಬಳಸಿಯೂ ನೋಡಿದರು.

2004ರ ಏಪ್ರಿಲ್‌ನಲ್ಲಿ ಪಿಕೊಪೆಟಾ ಎಂಬ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ಬಿಡುಗಡೆ ಮಾಡಿದ ಅಮಿಡಾ ಎಂಬ ಸಿಂಪ್ಯೂಟರ್ ಮಾದರಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಪರದೆಯ ಪುಟ ತಿರುಗುತ್ತಿತ್ತು. ಐಫೋನ್ ಬಂದದ್ದು ಇದಾಗಿ 3 ವರ್ಷಗಳ ಮೇಲೆ. ಬೆಲೆ ಕಪ್ಪುಬಿಳುಪಿಗೆ 9,950 ರೂಪಾಯಿಯಿಂದ ಶುರುವಾಗಿ ಬಣ್ಣದ ಪರದೆಗೆ 19,950ರವರೆಗೆ ಹೋಗುತ್ತಿತ್ತು. 50,000 ಯಂತ್ರ ಮಾರುವ ಗುರಿಯಿದ್ದ ಕಡೆ 2005ರ ಹೊತ್ತಿಗೆ ಹೋದದ್ದು ಸುಮಾರು 4,000 ಎಂದು ಆಗಿನ ವರದಿಗಳು ಹೇಳಿದವು. ಭಾಷಣಗಳಲ್ಲಿ ಸಿಂಪ್ಯೂಟರನ್ನು ಹೊಗಳಿದ ಗಣ್ಯರು ತಲೆಗೆ ಒಂದರಂತೆ ಕೊಂಡುಕೊಂಡಿದ್ದರೂ ಈ ಲೆಕ್ಕ ಇನ್ನಷ್ಟು ಗೌರವಾನ್ವಿತವಾಗಿ ಕಾಣುತ್ತಿತ್ತು.

ಆ ಯಂತ್ರಗಳು ಈಗೆಲ್ಲಿವೆ? ಸರ್ಕಾರಿ ಕಚೇರಿಗೆ ಹೋದ ವಸ್ತು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುವುದು ಸುಲಭವಲ್ಲ. ಮೊದಲು ಅದು ಸ್ಟಾಕ್ ರಿಜಿಸ್ಟರಿನಲ್ಲಿ ಜೀವಂತವಾಗಿರುತ್ತದೆ. ಕೆಟ್ಟುಹೋದ ಮೇಲೂ ಜೀವಂತವಾಗಿರುತ್ತದೆ. ವಿಲೇವಾರಿಯ ಕಡತ ಮೇಜಿನಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಊದಿಕೊಂಡು, ಹೊಟ್ಟೆ ಬಿರಿದು, ಕೊನೆಗೆ ಮುರಿದ ಕುರ್ಚಿ ಮತ್ತು ಸತ್ತ ಫ್ಯಾನುಗಳ ಜೊತೆ ಹರಾಜಾಗಿ ಗುಜರಿಯವರ ತಕ್ಕಡಿಗೆ ಬೀಳುತ್ತದೆ. ಅಲ್ಲಿ ಬೆಲೆ ಕಟ್ಟುವುದು ಕೆ.ಜಿ. ಲೆಕ್ಕದಲ್ಲಿ. ಹಗುರವಾಗಿರಲಿ ಎಂದು ಅಷ್ಟು ಕಷ್ಟಪಟ್ಟು ವಿನ್ಯಾಸ ಮಾಡಿದವರಿಗೆ ಇದರಿಂದಾದ ನಷ್ಟವನ್ನು ಊಹಿಸಿಕೊಳ್ಳಬಹುದು.

ತಪ್ಪಿಸಿಕೊಂಡು ಖಾಸಗಿ ಕೈಗಳಲ್ಲಿ ಉಳಿದಿರುವ ಅಂಗೈ ಯಂತ್ರಗಳದ್ದು ಬೇರೆಯೇ ವೈಭವ. ಜಾಹೀರಾತು ಹಾಕುವವರ ದೃಷ್ಟಿಯಲ್ಲಿ ಅವು ಕಂಪ್ಯೂಟರುಗಳಲ್ಲ, ಪ್ರಾಚ್ಯವಸ್ತುಗಳು. ನೋಕಿಯಾದ ಎನ್900 ಎಂಬುದನ್ನು ಬಲ್ಲವರು ಬಲ್ಲರು: 2009ರದ್ದು, 3.5 ಇಂಚಿನ ಪರದೆ, ಜಾರಿ ಹೊರಬರುವ ಕೀಲಿಮಣೆ, ಪೆಟ್ಟಿಗೆಯಿಂದ ತೆಗೆದ ಕ್ಷಣವೇ ಟರ್ಮಿನಲ್ ತೆರೆದು ಆಜ್ಞೆ ಕೊಡಬಹುದಾಗಿದ್ದ ಮೇಮೊ ಎಂಬ ಲಿನಕ್ಸ್. ಅದರ ಬಿಎಲ್-5ಜೆ ಬ್ಯಾಟರಿ ಅದೇ ಕಂಪನಿಯ ಹಲವು ಅಗ್ಗದ ಫೋನುಗಳಿಗೂ ಬರುತ್ತಿದ್ದುದರಿಂದ ಹಳ್ಳಿಯ ರೀಚಾರ್ಜ್ ಅಂಗಡಿಯಲ್ಲೂ ಹುಡುಕಬಹುದು. ದೋಷವೆಂದರೆ ಚಾರ್ಜಿಂಗ್ ಕಿಂಡಿ. ಅದನ್ನು ಬೋರ್ಡಿನ ಮೇಲ್ಮೈಗಷ್ಟೇ ಬೆಸುಗೆ ಹಾಕಿದ್ದರಿಂದ ಎರಡು ವರ್ಷ ಒರಟಾಗಿ ಬಳಸಿದರೆ ತಂತಿಯ ಜೊತೆಗೆ ಅದೂ ಕಿತ್ತು ಬರುತ್ತಿತ್ತು. ಮೊನ್ನೆ ಕಂಡ ಜಾಹೀರಾತೊಂದು ಹೀಗಿತ್ತು: "ಅಪರೂಪದ ಮಾಡೆಲ್. ಚಾರ್ಜಿಂಗ್ ಪಿನ್ ಇಲ್ಲ. ಆನ್ ಮಾಡಿ ನೋಡಿಲ್ಲ. ಕಂಡೀಶನ್ ಸೂಪರ್. ಚೌಕಾಸಿ ಮಾಡುವವರು ದಯವಿಟ್ಟು ಮೆಸೇಜ್ ಮಾಡಬೇಡಿ." ಆನ್ ಮಾಡಿ ನೋಡದ ವಸ್ತುವಿನ ಕಂಡೀಶನ್ನನ್ನು ಕಂಡುಕೊಂಡ ಆ ಮಹನೀಯರು ಕೇಳಿದ ಬೆಲೆಗೆ ಹೊಸ ಸ್ಮಾರ್ಟ್‌ಫೋನ್ ಒಂದು ಬರುತ್ತದೆ, ಕವರಿನ ಸಮೇತ.

ಹಾಗಾದರೆ ಆ ಹೊಸ ಫೋನನ್ನೇ ಕೊಳ್ಳಬಹುದಲ್ಲ ಎಂಬ ಸಲಹೆ ಎಲ್ಲ ದಿಕ್ಕಿನಿಂದಲೂ ಬರುತ್ತದೆ, ಮತ್ತು ಈ ಪ್ರಹಸನದ ತಿರುಳು ಇರುವುದೂ ಅಲ್ಲಿಯೇ. ಆಂಡ್ರಾಯ್ಡ್‌ನ ಬುಡದಲ್ಲಿರುವುದು ಲಿನಕ್ಸಿನ ಹೃದಯಭಾಗವಾದ ಕರ್ನೆಲ್. ತರಕಾರಿ ಮಾರುವವರ, ಆಟೋ ಓಡಿಸುವವರ, ಮಂತ್ರಿಗಳ, ಅವರ ಗನ್‌ಮ್ಯಾನ್‌ಗಳ ಜೇಬಿನಲ್ಲೆಲ್ಲ ಈಗ ಲಿನಕ್ಸ್ ಓಡುತ್ತಿದೆ. ಸಿಂಪ್ಯೂಟರಿನ ಕನಸಿಗಿಂತ ಸಾವಿರಾರು ಪಟ್ಟು ಹೆಚ್ಚು ಯಂತ್ರಗಳು, ಹತ್ತಾರು ಪಟ್ಟು ಹೆಚ್ಚು ಶಕ್ತಿಯೊಂದಿಗೆ. ಒಂದೇ ಒಂದು ಕೊರತೆಯೆಂದರೆ ಮನೆ ಕೊಂಡವರದು, ಬೀಗದ ಕೈ ಮಾರಿದವರದು. ಫೋನಿಗೆ ಬೇರೆ ವ್ಯವಸ್ಥೆ ಏರದಂತೆ ತಡೆಯುವ ಬೀಗ ಇರುವುದು ಬೂಟ್‌ಲೋಡರ್‌ನಲ್ಲಿ; ಅದನ್ನು ಬಿಚ್ಚಲು ಕೆಲವು ಕಂಪನಿಗಳು ಅರ್ಜಿ ಹಾಕಿಸಿಕೊಂಡು ದಿನಗಟ್ಟಲೆ ಕಾಯಿಸುತ್ತವೆ, ಕೆಲವು ಬಿಚ್ಚಿಕೊಡುವುದೇ ಇಲ್ಲ. ಹೇಗೋ ಬಿಚ್ಚಿದರೆ ಬ್ಯಾಂಕಿನ ಆ್ಯಪ್ ನಿಮ್ಮನ್ನು ಕಳ್ಳನಂತೆ ನೋಡಿ ಬಾಗಿಲು ಹಾಕಿಕೊಳ್ಳುತ್ತದೆ.

ಇದನ್ನು ಹಾಸ್ಯವಾಗಿ ಬರೆಯುವುದು ನಿಜಕ್ಕೂ ದಣಿವಿನ ಕೆಲಸ. ಹಣ ಕೊಟ್ಟು ಕೊಂಡ, ಎಲ್ಲ ಭಾಗಗಳೂ ಸರಿಯಾಗಿರುವ, ಇನ್ನೂ 10 ವರ್ಷ ಬಾಳಬಲ್ಲ ಯಂತ್ರವನ್ನು 'ಅಪ್‌ಡೇಟ್ ನಿಲ್ಲಿಸಿದ್ದೇವೆ' ಎಂಬ ಒಂದು ಸಾಲಿನಿಂದ ಕಸ ಮಾಡುವುದು ಶುದ್ಧ ಕೊಳ್ಳೆ. ಅದಕ್ಕೆ ಬೇರೆ ವ್ಯವಸ್ಥೆ ಹಾಕಿ ಮಗಳ ಓದಿಗೆ ಕೊಡೋಣವೆಂದರೆ ಬೀಗ; ಬೀಗವಿಲ್ಲದ್ದನ್ನು ಹೊರಗಿನಿಂದ ತರೋಣವೆಂದರೆ ಅಧಿಕಾರಪತ್ರ; ಇಲ್ಲಿಯೇ ಹುಟ್ಟಿದ್ದನ್ನು ಹುಡುಕೋಣವೆಂದರೆ ಗುಜರಿ. ಪಹಣಿಗಾಗಿ ಸಾಲಿನಲ್ಲಿ ನಿಂತ ರೈತನ ಅಂಗೈಗೆ ಕಂಪ್ಯೂಟರ್ ಕೊಡುತ್ತೇವೆಂದು ಈ ಊರು ಹೊರಟು 20 ವರ್ಷ ದಾಟಿತು. ರೈತ ಇವತ್ತಿಗೂ ಸೈಬರ್ ಸೆಂಟರಿನ ಹುಡುಗನ ಮುಂದೆ ಆಧಾರ್ ಕಾರ್ಡ್ ಹಿಡಿದು ನಿಂತಿದ್ದಾನೆ, 'ಸರ್ವರ್ ಡೌನ್' ಎಂದಾಗ ಮರುದಿನ ಮತ್ತೆ ಬಸ್ ಹತ್ತಿ ಬರುತ್ತಾನೆ. ಇದಕ್ಕೆ ಯಾರೂ ಉತ್ತರ ಹೇಳಬೇಕಾಗಿಲ್ಲ, ಏಕೆಂದರೆ ಯಾರೂ ಕೇಳುತ್ತಿಲ್ಲ.

ಇಷ್ಟರ ನಡುವೆ ನನ್ನ ಪರಿಚಯದ ಕಾಲೇಜು ಹುಡುಗರು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಚೀನಾದಲ್ಲಿ ತಯಾರಾಗುವ, ಹಳೆಯ ವಿಡಿಯೋ ಗೇಮುಗಳನ್ನು ಆಡಿಸುವ ಅಂಗೈ ಯಂತ್ರಗಳು ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟರೊಳಗೆ ಓಡುವುದು ಲಿನಕ್ಸೇ. ಮೆಮೊರಿ ಕಾರ್ಡ್ ಬದಲಾಯಿಸಿದರೆ ಬೇರೆ ಲಿನಕ್ಸ್ ಏರುತ್ತದೆ, ಪುಟ್ಟ ಕೀಲಿಮಣೆ ಸಿಕ್ಕಿಸಿದರೆ ಕಂಪ್ಯೂಟರ್ ಸಿದ್ಧ. ಸುಂಕದ ಕೋಷ್ಟಕದಲ್ಲಿ ಕಂಪ್ಯೂಟರ್‌ಗೆ 84ನೆಯ ಅಧ್ಯಾಯವಾದರೆ, ಗೇಮ್ ಯಂತ್ರಕ್ಕೆ ಆಟಿಕೆ ಮತ್ತು ಕ್ರೀಡಾ ಸಾಮಗ್ರಿಗಳ 95ನೆಯ ಅಧ್ಯಾಯ. ಪ್ರೊಸೆಸರ್ ಇದೆ, ಮೆಮೊರಿ ಇದೆ, ಲಿನಕ್ಸ್ ಇದೆ, ಜೊತೆಗೆ ಎಡಕ್ಕೊಂದು ಬಾಣದ ಗುಂಡಿ ಮತ್ತು ಬಲಕ್ಕೆ ನಾಲ್ಕು ಬಣ್ಣದ ಗುಂಡಿ ಇದ್ದುಬಿಟ್ಟರೆ ಅದು ರಾಷ್ಟ್ರದ ಕಣ್ಣಿನಲ್ಲಿ ಕಂಪ್ಯೂಟರ್ ಅಲ್ಲ, ಚೆಂಡು ಮತ್ತು ಬೊಂಬೆಗಳ ಬಳಗ. ಓದಲಿಕ್ಕೆ ಬರೆಯಲಿಕ್ಕೆ ಎಂದು ಕೇಳಿದವರಿಗೆ ನಿರ್ಬಂಧಿತ ಪಟ್ಟಿ, ಆಡಲಿಕ್ಕೆ ಎಂದವರಿಗೆ ಮುಕ್ತ ಸ್ವಾಗತ.

ಆ ಹುಡುಗರಲ್ಲೊಬ್ಬ ತನ್ನ ಹಳೆಯದನ್ನು ನನಗೆ ಮಾರಲು ಒಪ್ಪಿದ್ದಾನೆ. "ಅಂಕಲ್, ಬಲಗಡೆ ಒಂದು ಬಟನ್ ಸರಿಯಾಗಿ ಒತ್ತಲ್ಲ, ಮಾರಿಯೋ ಜಂಪ್ ಮಾಡಲ್ಲ, ಪರವಾಗಿಲ್ವಾ?" ಎಂದು ಪ್ರಾಮಾಣಿಕವಾಗಿ ಮೊದಲೇ ತಿಳಿಸಿದ. ಪರವಾಗಿಲ್ಲ ಎಂದೆ. ಬೆಲೆಯಲ್ಲಿ 200 ರೂಪಾಯಿ ಇಳಿಸಿದ.