ಕರ್ನಲ್ ಹುದ್ದೆ ಮಾರಾಟಕ್ಕಿದೆ, ಮೇಲಿನ ದುಡ್ಡು ಬೇರೆ

ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಪತ್ರದಲ್ಲಿ ಒಂದು ಬೆಲೆ, ಕೈಗೆ ಕೊಡೋದು ಇನ್ನೊಂದು. ಬ್ರಿಟಿಷ್ ಸೈನ್ಯದಲ್ಲಿ ಇನ್ನೂರು ವರ್ಷದ ಹತ್ತಿರ ಹೀಗೆ ಮಾರಾಟವಾಗುತ್ತಿದ್ದದ್ದು ಅಧಿಕಾರಿಯ ಹುದ್ದೆ.

ದರಪಟ್ಟಿ ಸರ್ಕಾರದ್ದೇ. 19ನೇ ಶತಮಾನದಲ್ಲಿ ಕಾಲಾಳು ದಳದಲ್ಲಿ ಎನ್‌ಸೈನ್, ಅಂದರೆ ಎಲ್ಲಕ್ಕಿಂತ ಕೆಳಗಿನ ಅಧಿಕಾರಿ ಆಗೋಕೆ 450 ಪೌಂಡು, ಕ್ಯಾಪ್ಟನ್‌ಗೆ 1,800, ಲೆಫ್ಟಿನೆಂಟ್ ಕರ್ನಲ್‌ಗೆ 4,500. ಕುದುರೆ ದಳದ ಲೆಫ್ಟಿನೆಂಟ್ ಕರ್ನಲ್‌ಗಿರಿ ಬೇಕಾ? 6,175. ಕೆಳಗಿನ ಹುದ್ದೆ ಕೈಲಿದ್ದರೆ ಅದನ್ನು ಮಾರಿ ವ್ಯತ್ಯಾಸ ಕಟ್ಟಿದರೆ ಆಯ್ತು, ಹಳೇ ಸ್ಕೂಟರ್ ಕೊಟ್ಟು ಹೊಸದು ತಗೊಂಡ ಹಾಗೆ. ಪಟ್ಟಿಗಿಂತ ಜಾಸ್ತಿ ಕೊಡೋದು ಕಾನೂನಿಗೆ ವಿರುದ್ಧ, ಹಾಗಾಗಿ ಬಹುಪಾಲು ಎಲ್ಲರೂ ಕೊಡುತ್ತಿದ್ದರು. ಫಿರಂಗಿ ದಳ, ಎಂಜಿನಿಯರ್ ದಳದಂಥ ಕಡೆ ಈ ವ್ಯಾಪಾರ ಇರಲಿಲ್ಲ. ಗುಂಡು ಎಲ್ಲಿ ಬೀಳುತ್ತೆ ಅನ್ನೋಕೆ ಲೆಕ್ಕ ಬರಬೇಕಲ್ಲ! ಗುಂಡಿನ ಎದುರಿಗೆ ಜನರನ್ನು ಓಡಿಸೋಕೆ ಲೆಕ್ಕ ಯಾಕೆ?

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು 1809ರ ಗಲಾಟೆ. ಆಗ ಸೇನಾ ಮುಖ್ಯಸ್ಥ ರಾಜನ ಮಗ, ಡ್ಯೂಕ್ ಆಫ್ ಯಾರ್ಕ್. ಹಿಂದೆ ಅವನ ಪ್ರೇಯಸಿಯಾಗಿದ್ದ ಮೇರಿ ಆನ್ ಕ್ಲಾರ್ಕ್ ಬಡ್ತಿ ಬೇಕಾದವರಿಂದ ದುಡ್ಡು ತಗೊಂಡು ಡ್ಯೂಕ್ ಕಿವಿಗೆ ಹೆಸರು ಹಾಕುತ್ತಿದ್ದಳು ಅನ್ನೋದು ಆರೋಪ. ಅದೂ ಸರ್ಕಾರಿ ದರಕ್ಕಿಂತ ಕಮ್ಮಿಗೆ! ಪಾರ್ಲಿಮೆಂಟಿಗೆ ಬೆಂಕಿ ಬಿತ್ತು. ಆಕೆಯನ್ನೇ ಕರೆಸಿ ನಿಲ್ಲಿಸಿದರು, ಆಕೆ ಒಂದಿಷ್ಟೂ ಅಳುಕದೆ ಪಟಪಟ ಉತ್ತರ ಕೊಟ್ಟಳು. ಹುದ್ದೆ ಮಾರಬಹುದಾ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ ಸ್ವಾಮೀ. ಸರ್ಕಾರದ ಅಂಗಡಿ ಇರುವಾಗ ಪಕ್ಕದಲ್ಲಿ ಡಿಸ್ಕೌಂಟ್ ಅಂಗಡಿ ಇಟ್ಟದ್ದು ತಪ್ಪು. ಡ್ಯೂಕ್ ರಾಜೀನಾಮೆ ಕೊಟ್ಟ, 1811ರಲ್ಲಿ ಮತ್ತೆ ಅದೇ ಕುರ್ಚಿಗೆ ಬಂದು ಕೂತ.

ನಮ್ಮ ಶ್ರೀರಂಗಪಟ್ಟಣಕ್ಕೂ ಇದರ ನಂಟು ಇದೆ. ಮನೆಯವರ ದುಡ್ಡಲ್ಲಿ ಮೆಟ್ಟಿಲು ಹತ್ತಿ 24ಕ್ಕೇ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಆರ್ಥರ್ ವೆಲ್ಲೆಸ್ಲಿ, 1799ರ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ದಾರಿ ತಪ್ಪಿ ಪೆಟ್ಟು ತಿಂದು ವಾಪಸ್ ಬಂದ. ಮೇ 4ರಂದು ಕೋಟೆಗೆ ನುಗ್ಗಿದ ದಂಡಿಗೆ ಮುಂದಾಳು ಬ್ರಿಟಿಷ್ ಜನರಲ್ ಬೇರ್ಡ್, ಹಿಂದೆ ಅದೇ ಊರಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಕೋಟೆಯ ಅಧಿಕಾರ ಮಾತ್ರ ವೆಲ್ಲೆಸ್ಲಿಗೆ. ಅಣ್ಣ ಗವರ್ನರ್ ಜನರಲ್, ಇನ್ನೇನು ಬೇಕು? ಆಮೇಲೆ ಇದೇ ಮನುಷ್ಯ ವೆಲ್ಲಿಂಗ್ಟನ್ ಆಗಿ ನೆಪೋಲಿಯನ್‌ನನ್ನು ಸೋಲಿಸಿದ, ಒಪ್ಪಿಕೊಳ್ಳೋಣ. ಲಾಟರಿ ಹೊಡೆದವನ ಫೋಟೋ ಅಂಗಡಿ ಮುಂದೆ ತೂಗುಹಾಕಿ ಟಿಕೆಟ್ ಮಾರಿದ ಹಾಗೆ, ಈ ಪದ್ಧತಿಯವರು ಅವನ ಹೆಸರನ್ನೇ ಹೇಳಿಕೊಂಡು ಬಂದರು.

ಲಾಟರಿ ಹೊಡೆಯದ ಟಿಕೆಟ್ ಲಾರ್ಡ್ ಕಾರ್ಡಿಗನ್. ರೆಜಿಮೆಂಟ್ ಕೊಳ್ಳೋಕೆ 35,000 ಪೌಂಡು ಸುರಿದ ಅಂತ ಮಾತಿತ್ತು. ಕ್ರೈಮಿಯಾ ಯುದ್ಧದಲ್ಲಿ ಸೈನಿಕರು ಡೇರೆಯಲ್ಲಿ, ಇವನ ಹಾಸಿಗೆ ಬಂದರಿನ ಸ್ವಂತ ಯಾಟ್‌ನಲ್ಲಿ. ಮೇಲಧಿಕಾರಿ ಲಾರ್ಡ್ ಲೂಕನ್ ಇವನ ತಂಗಿಯ ಗಂಡ, ಇಬ್ಬರಿಗೂ ಎಣ್ಣೆ ಸೀಗೇಕಾಯಿ. 1854ರ ಅಕ್ಟೋಬರ್ 25ರಂದು ಎಡವಟ್ಟಾಗಿ ತಲುಪಿದ ಆದೇಶ ಹಿಡಿದು ಕಾರ್ಡಿಗನ್ ಹಿಂದೆ ಸುಮಾರು 670 ಸವಾರರು ರಷ್ಯನ್ ಫಿರಂಗಿಗಳ ಬಾಯಿಗೇ ನುಗ್ಗಿದರು.

ಕೊನೆಗೆ 1871ರಲ್ಲಿ ಯುದ್ಧ ಮಂತ್ರಿ ಕಾರ್ಡ್‌ವೆಲ್ ಅಂಗಡಿ ಮುಚ್ಚಲು ಹೊರಟ. ಪಾರ್ಲಿಮೆಂಟಿನ ಮೇಲ್ಮನೆ, ಲಾರ್ಡ್‌ಗಳ ಸಭೆ, ಅಡ್ಡಗಾಲು ಹಾಕಿತು, ರಾಣಿಯ ಕೈಯಲ್ಲೇ ಆದೇಶ ಹೊರಡಿಸಿ ನವೆಂಬರ್ 1ರಿಂದ ಮಾರಾಟ ನಿಲ್ಲಿಸಿದರು. ಸರಿ, ಕೊಂಡವರ ದುಡ್ಡು? ಪಟ್ಟಿಯ ಬೆಲೆ ವಾಪಸ್ ಕೊಡೋದು ನ್ಯಾಯವೇ ಅನ್ನೋಣ. ಕದ್ದುಮುಚ್ಚಿ ಕೊಟ್ಟ ಮೇಲಿನ ದುಡ್ಡನ್ನೂ ಕೊಟ್ಟರು! ನಮ್ಮೂರಲ್ಲಿ ಸೈಟಿಗೆ ಬ್ಲ್ಯಾಕಲ್ಲಿ ಎಷ್ಟು ಕೊಟ್ಟೆ ಅಂತ ಹೆಂಡತಿಗೂ ಬಾಯಿ ಬಿಡೋಲ್ಲ. ಅಲ್ಲಿನ ಕರ್ನಲ್ ಸಾಹೇಬರು ಅದನ್ನು ಖಜಾನೆಗೇ ಲೆಕ್ಕ ಒಪ್ಪಿಸಿ, ನಿವೃತ್ತಿ ದಿನ ಎಣಿಸಿಕೊಂಡು ಮನೆಗೆ ಹೋದರು.